ತಗಡಿನ ಸೂರಿನ ಕೆಳಗೆ ಕಟ್ಟಿದ ಹೋರಿ

ನಮ್ಮ ಮಾವನವರು ಹೋರಿಯ ಕೊಟ್ಟಿಗೆಗೆಂದು ಹಾಸನದಿಂದ ತಗಡು ತರಿಸಿದಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ಒಂದು ತಿಂಗಳೂ ತುಂಬಿರಲಿಲ್ಲ. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಹೊಳೆನರಸೀಪುರದಿಂದ ಹರದನಹಳ್ಳಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ನಮ್ಮೂರು. ಅನುಕೂಲವಿದ್ದವರ ಮನೆಗೆ ನಾಡಹೆಂಚು, ಇಲ್ಲದವರ ಮನೆಗೆ ಹುಲ್ಲು. ತಗಡಿನ ಸೂರು ಊರಿನಲ್ಲಿ ಒಂದೂ ಇರಲಿಲ್ಲ. ಹಾಗಾಗಿ ತಗಡು ಹೇರಿದ ಗಾಡಿ ದಡದಡ ಸದ್ದು ಮಾಡುತ್ತ ಊರೊಳಗೆ ಬಂದಾಗ ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ನಾನು ಮಾತ್ರ ಹೊಸ ಸೊಸೆ. ಬಾಗಿಲ ಸಂದಿಯಿಂದ ನೋಡಿದೆ.

ನಮ್ಮ ಹೋರಿ ಬೆಳ್ಳಗೆ, ಕೊಂಬು ಹಿಂದಕ್ಕೆ ಬಾಗಿ, ನೋಡಲು ಬಹಳ ಲಕ್ಷಣವಾಗಿತ್ತು. ಚನ್ನರಾಯಪಟ್ಟಣದ ಕಡೆಯಿಂದ ಕರುವಾಗಿದ್ದಾಗಲೇ ತಂದು ಮಾವನವರು ಸಾಕಿದ್ದರು. ಅದು ಬೀಜದ ಹೋರಿ. ಎಂದರೆ ಉಳುವುದಕ್ಕಲ್ಲ, ಗಾಡಿಗಲ್ಲ. ಸುತ್ತಿನ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ನಮ್ಮ ಮನೆಗೆ ಹೊಡೆದುಕೊಂಡು ಬರುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಕೊಟ್ಟಿಗೆಯ ಹುಲ್ಲು ಸೋರಿ ಹೋರಿಯ ಬೆನ್ನು ನೆನೆಯಿತಂತೆ. ಮಾವನವರು ಗೋಣಿಚೀಲ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದರಂತೆ. ಆಮೇಲೆ ಹಾಸನದಲ್ಲಿ ಯಾವುದೋ ಮಂಡಿಗೆ ತಗಡು ಹೊದಿಸಿದ್ದನ್ನು ಕಂಡು ಅವರ ಮನಸ್ಸು ಅದರ ಮೇಲೆ ಹೋಯಿತು.

ಎದುರು ಮನೆಯಲ್ಲಿ ನಮ್ಮ ಅತ್ತೆಯ ತಮ್ಮ ಇದ್ದರು. ನನಗೆ ಅವರು ಚಿಕ್ಕಮಾವ. ಮಾವನವರನ್ನು ಗೇಲಿ ಮಾಡುವ ಅಧಿಕಾರ ಊರಿನಲ್ಲಿ ಅವರೊಬ್ಬರಿಗೇ ಇತ್ತು. ತಗಡು ಹೊದಿಸಿ ಮುಗಿದ ದಿನ ಬಂದು ಸುತ್ತ ನೋಡಿದರು.

"ಮಂಚಾನೂ ಮಾಡ್ಸಿದ್ದೀಯಾ ಭಾವ, ನಿನ್ನ ಹೋರಿಗೆ?"

"ಮಾಡ್ಸೋದ್ಯಾಕ್ಲಾ? ನಿನ್ನ ಮಂಚಾನೇ ಎತ್ಕಂಡ್ ಬತ್ತೀನಿ ತಡಿ," ಎಂದರು ಮಾವನವರು.

ತಗಡಿನಿಂದ ಹೋರಿಗಿಂತ ಮೊದಲು ಉಪಕಾರವಾದದ್ದು ಹೆಂಗಸರಿಗೆ. ಕೊಟ್ಟಿಗೆ ತಗ್ಗಾಗಿತ್ತು. ಪಕ್ಕದ ಕಲ್ಲಿನ ಮೇಲೆ ನಿಂತರೆ ಸೂರು ಕೈಗೆ ಸಿಗುತ್ತಿತ್ತು. ಅತ್ತೆ ನನ್ನನ್ನು ಕಲ್ಲು ಹತ್ತಿಸಿ ತಗಡಿನ ಮೇಲೆ ಹಳೇ ಪಂಚೆ ಹರಡಿಸಿದರು. ಬೆಳಿಗ್ಗೆ ಬಿಟ್ಟ ಅಕ್ಕಿ ಸಂಡಿಗೆ ಹೊತ್ತು ಇಳಿಯುವುದರೊಳಗೆ ಗರಿಗರಿಯಾಗಿ ಒಣಗಿತು. ನಮ್ಮ ಅತ್ತೆಗೆ ಆದ ಸಂತೋಷ ಹೇಳತೀರದು. ಆ ವರ್ಷ ಬೀದಿಯ ಅರ್ಧ ಮನೆಗಳ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ನಮ್ಮ ಹೋರಿಯ ನೆತ್ತಿಯ ಮೇಲೆ ಒಣಗಿದವು. ನಾನೂ ಕಲ್ಲು ಹತ್ತಿ ಇಳಿದು ಖುಷಿಪಟ್ಟೆ. ಆ ತಗಡಿನ ಕೆಳಗೆ ಒಂದು ಜೀವ ನಿಂತಿದೆಯೆಂದು ನಮಗೆ ಯಾರಿಗೂ ತೋಚಲಿಲ್ಲ.

ಇಲ್ಲಿ, ಮೊಮ್ಮಕ್ಕಳೇ, ನಿಮಗೆ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದದ್ದಿದ್ದರೆ ಕಂಬಕ್ಕೆ ಹೇಳಬೇಕು. ನಡುಮನೆಯ ಕಂಬದ ಮರೆಗೆ ನಿಂತು, "ಕಂಬವೇ, ನೀರು ಕಾದಿದೆ," ಎಂದರೆ ಮಾವನವರು ಸ್ನಾನಕ್ಕೆ ಏಳುತ್ತಿದ್ದರು. ಅವರೂ ನನಗೆ ನೇರವಾಗಿ ಹೇಳುತ್ತಿರಲಿಲ್ಲ. "ಆ ಕಂಬಕ್ಕೆ ಒಂದು ಲೋಟ ಮಜ್ಜಿಗೆ ಕೊಡಾಕೆ ಯೋಳೇ," ಎಂದು ಅತ್ತೆಯ ಕಡೆ ನೋಡಿ ಹೇಳುವರು. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದರೂ ಮೇಷ್ಟರ ಎದುರೇ ನನಗೆ ಬಾಯಿ ಬರುತ್ತಿರಲಿಲ್ಲ. ಹೀಗಾಗಿ ಈ ಏರ್ಪಾಡು ನನಗೆ ಹಿತವಾಗಿಯೇ ಇತ್ತು.

ಯುಗಾದಿ ಕಳೆದ ಮೇಲೆ ತಕರಾರು ಶುರುವಾಯಿತು. ಹಸು ಗಬ್ಬ ನಿಂತರೆ ಮತ್ತೆ ಬೆದೆಗೆ ಬರುವುದಿಲ್ಲ. ನಿಲ್ಲದಿದ್ದರೆ ಇಪ್ಪತ್ತು ದಿನಕ್ಕೆ ಮತ್ತೆ ಕೂಗುತ್ತದೆ. ಮೊದಲು ಹಿಂದಿರುಗಿ ಬಂದದ್ದು ಚಿಕ್ಕಮಾವನ ಕೆಂದ ಹಸು. ಆಮೇಲೆ ಒಂದಾದ ಮೇಲೊಂದು ಬಂದವು. ಹೋರಿಯ ಹುರುಪಿಗೆ ಮಾತ್ರ ಏನೂ ಕಡಿಮೆಯಿರಲಿಲ್ಲ. ಹಸು ಬಂತೆಂದರೆ ನಾವು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಾಗಿತ್ತು. ಆದರೆ ಹೊರಗಿನ ಗಂಡಸರ ಮಾತಿನಿಂದಲೇ ಎಲ್ಲ ತಿಳಿಯುತ್ತಿತ್ತು. ಕೆಂದ ಹಸು ಮೂರನೇ ಸಲ ಬಂದಾಗ ಚಿಕ್ಕಮಾವ, "ನಿನ್ನ ಹೋರಿ ನಮ್ಮ ಹಸೀನ ಮಾತಾಡ್ಸಕ್ ಕರೀತದಾ ಭಾವ? ಬಂದು ಹೋಗಿ ಬಂದು ಹೋಗಿ ಅದರ ಗೊರಸು ಸವೀತು," ಎಂದರು. ಎಲ್ಲರೂ ನಕ್ಕರು. ಮಾವನವರು ನಗಲಿಲ್ಲ.

ತಗಡು ನೋಡಲು ಬಂದವರ ಕಣ್ಣು ತಾಗಿದೆಯೆಂದು ಅವರು ತೀರ್ಮಾನಿಸಿದರು. ಕೊಟ್ಟಿಗೆಯ ಮುಂದೆ ಹಳೇ ಎಕ್ಕಡ ತೂಗುಬಿಟ್ಟರು. ಯಾರೂ ನೋಡಬಾರದೆಂದು ಹಗಲೆಲ್ಲ ಬಾಗಿಲು ಮುಚ್ಚಿಸಿದರು. ಸಂಜೆ ಮೆಣಸಿನಕಾಯಿ ಹೊಗೆ ಹಾಕಿಸಿದರು. ಶಕ್ತಿ ಬರಲೆಂದು ಬೇಯಿಸಿದ ಹುರುಳಿಯನ್ನು ಎರಡರಷ್ಟು ಕೊಡಿಸಿದರು. ಸುಡುವ ಬೇಸಿಗೆ, ಮೇಲೆ ಕಾದ ತಗಡು, ಮುಚ್ಚಿದ ಬಾಗಿಲು, ಹೊಟ್ಟೆಯೊಳಗೆ ಹುರುಳಿ. ಈಗ ನೆನೆದರೆ ಆ ಹೋರಿ ನಮ್ಮನ್ನು ತಿವಿಯದೆ ಇದ್ದದ್ದೇ ಅದರ ದೊಡ್ಡತನ ಅನ್ನಿಸುತ್ತದೆ.

ಮಧ್ಯಾಹ್ನ ಅದಕ್ಕೆ ನೀರಿಡುವ ಕೆಲಸ ನನ್ನದು. ಮೊದಮೊದಲು ಹೆದರಿ ದೂರದಿಂದಲೇ ಬಾನಿ ತಳ್ಳಿ ಓಡಿಬರುತ್ತಿದ್ದೆ. ಈಗ ನೋಡಿದರೆ ಅದು ನಾಲಿಗೆ ಹೊರಗೆ ಹಾಕಿ ನಿಂತಿರುತ್ತಿತ್ತು. ಬಾಯಲ್ಲಿ ನೊರೆ, ಪಕ್ಕೆ ಕುಲುಮೆಯ ತಿದಿಯ ಹಾಗೆ ಏರಿಳಿಯುತ್ತಿತ್ತು. ನೀರಿಟ್ಟರೆ ಕುಡಿಯುವುದಕ್ಕೂ ಮೊದಲು ಮೂತಿಯನ್ನು ಪೂರ್ತಿ ಮುಳುಗಿಸುತ್ತಿತ್ತು. ಒಳಗೆ ನಾಲ್ಕು ಉಸಿರು ನಿಂತರೆ ನನಗೇ ತಲೆ ತಿರುಗುತ್ತಿತ್ತು. ಒಂದು ದಿನ ಹಾಗೆ ನಿಂತಾಗ ತಲೆ ಮೇಲೆ ಅತ್ತೆ ಮೆಣಸಿನಕಾಯಿಯಲ್ಲಿ ಕೈಯಾಡಿಸುವ ಸದ್ದು ಗರಗರ ಕೇಳಿಸಿತು. ಮೇಲೆ ಮೆಣಸಿನಕಾಯಿ ಒಣಗುವ ಜಾಗದ ಕೆಳಗೆ ಇದನ್ನು ಕಟ್ಟಿದ್ದೇವಲ್ಲ ಎಂದು ಆಗ ಹೊಳೆಯಿತು.

ನಿಮ್ಮ ತಾತನಿಗೆ ಹೇಳಿದೆ. ಅವರು ಕೈಮುಗಿದರು. "ಅಪ್ಪನ ಮುಂದೆ ತಗಡಿನ ಸುದ್ದಿ ಎತ್ತಕ್ಕೆ ನನ್ ಕೈಲಿ ಆಗಕಿಲ್ಲ. ಬೇಕಾದ್ರೆ ನೀನೇ ಕಂಬಕ್ಕೆ ಯೋಳ್ಕೋ."

ಸಂಜೆ ಮಾವನವರು ಊಟಕ್ಕೆ ಕುಳಿತಿದ್ದಾಗ ಕಂಬದ ಮರೆಗೆ ಹೋಗಿ ನಿಂತೆ. ಮುದ್ದೆ ಅರ್ಧ ಮುಗಿಯುವವರೆಗೂ ಬಾಯಿ ಬರಲಿಲ್ಲ.

"ಕಂಬವೇ, ಹೋರಿ ಮಧ್ಯಾಹ್ನದ ಹೊತ್ತು ಏದುಸಿರು ಬಿಡ್ತದೆ. ತಗಡು ಬಾಳ ಕಾಯ್ತದೆ."

ಮಾವನವರ ಕೈ ತಟ್ಟೆಯಲ್ಲೇ ನಿಂತಿತು. "ತಗಡು ಕಾಯ್ತದೆ ಅಂತ ಕಂಬಕ್ಕೆ ಯಾರು ಯೋಳುದ್ರಂತೆ?"

"ಬೆಳಿಗ್ಗೆ ಹಾಕಿದ್ ಸಂಡಿಗೆ ಹೊತ್ತು ಇಳಿಯೋದ್ರೊಳಗೆ ಒಣಗ್ತದೆ. ಅತ್ತೆಮ್ಮನೂ ನೋಡವ್ರೆ."

"ನಿನ್ನ ಕಂಬದ ಮಾತಿಗೆ ನನ್ನ ಯಾಕವ್ವ ಎಳೀತೀಯ?" ಎಂದು ಅತ್ತೆ ಒಲೆಯ ಮುಂದಿನಿಂದ ಗೊಣಗಿದರು.

"ಸಂಡಿಗೆ ಬ್ಯಾರೆ, ಹೋರಿ ಬ್ಯಾರೆ ಅಂತ ಯೋಳು ಆ ಕಂಬಕ್ಕೆ," ಎಂದು ಮಾವನವರು ಊಟ ಮುಗಿಸಿ ಎದ್ದರು.

ಆದರೆ ಮಾರನೆಯ ದಿನ ಮಟಮಟ ಮಧ್ಯಾಹ್ನ ಹೊಲದಿಂದ ಬಂದವರು ಮನೆಯೊಳಕ್ಕೆ ಬರದೆ ನೇರ ಕೊಟ್ಟಿಗೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಅತ್ತೆ ಮತ್ತು ನಾನು ಉಸಿರು ಹಿಡಿದು ಕಾದೆವು. ಒಂದು ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತಾಗಿರಬಹುದು. ಬಾಗಿಲು ತೆಗೆದು ಹೊರಗೆ ಬಂದಾಗ ಹೆಗಲ ಮೇಲಿನ ಟವಲ್ಲು ಹಿಂಡಿದರೆ ನೀರು ಬರುವ ಹಾಗಿತ್ತು. ಯಾರಿಗೂ ಒಂದು ಮಾತು ಹೇಳದೆ ಹೋರಿಯನ್ನು ಬಿಚ್ಚಿ ಬಾವಿಯ ಪಕ್ಕದ ಹೊಂಗೆ ಮರದ ಕೆಳಗೆ ಕಟ್ಟಿದರು. ಕೇಳಿದವರಿಗೆಲ್ಲ, "ಗಾಳಿ ಆಡ್ಲಿ ಅಂತ ಕಟ್ಟಿವ್ನಿ. ತಗಡಿಗೇನೂ ಆಗಿಲ್ಲ," ಎಂದರು.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಹೋರಿ ಹೊಂಗೆಯ ನೆರಳಲ್ಲಿ ಮಲಗಿ ನೆಮ್ಮದಿಯಾಗಿ ಮೆಲುಕು ಹಾಕತೊಡಗಿತು. ಅದೇ ವಾರ ಎರಡು ಹಸು ಬಂದವು. ಇಪ್ಪತ್ತು ದಿನ ಕಳೆಯಿತು. ಎರಡೂ ಮತ್ತೆ ಕೂಗಿದವು.

ಆಗ ಮಾವನವರ ಮನಸ್ಸು ಮುರಿಯಿತು. ಜನ ತಮ್ಮ ಹಸುಗಳನ್ನು ನಮ್ಮ ಮನೆಯ ಮುಂದಿನಿಂದಲೇ ಬೇರೆ ಊರಿನ ಹೋರಿಗೆ ಹೊಡೆದುಕೊಂಡು ಹೋಗಲು ಶುರುಮಾಡಿದ್ದರು. ಒಂದು ಬೆಳಿಗ್ಗೆ ಜಗುಲಿಯ ಮೇಲೆ ಕುಳಿತು, "ಬೀಜ ಇಲ್ದ ಹೋರೀನ ಬೀಜದ ಹೋರಿ ಅಂತ ನಿಲ್ಸ್ಕಂಡು ಊರಿಗೆ ಸುಳ್ಳು ಯೋಳಾಕೆ ನಂಗಾಗಕಿಲ್ಲ. ಒಡೆಸಿ ನೇಗ್ಲಿಗೆ ಕಟ್ಟುತೀನಿ," ಎಂದರು. ಒಡೆಸುವುದು ಎಂದರೆ ಹೋರಿಯನ್ನು ಎತ್ತು ಮಾಡಿಬಿಡುವುದು. ಮತ್ತೆ ಅದಕ್ಕೆ ಹಿಂದಿರುಗುವ ದಾರಿಯಿಲ್ಲ. ಅರಕಲಗೂಡಿನ ಕಡೆಯ ಒಬ್ಬಾತನಿಗೆ ಆ ಕೆಲಸಕ್ಕೆ ಬರಲು ಹೇಳಿಕಳಿಸಿದರು. ಮುಂದಿನ ಸೋಮವಾರ ಬರುತ್ತೇನೆಂದು ಆತ ಒಪ್ಪಿದ. ಅಂದಿನಿಂದ ಮಾವನವರು ಹೊಂಗೆ ಮರದ ಕಡೆ ನೋಡುವುದನ್ನೇ ಬಿಟ್ಟರು. ಮುದ್ದೆ ಎರಡು ಉಣ್ಣುತ್ತಿದ್ದವರು ಒಂದಕ್ಕೆ ಇಳಿದರು. ನನಗಂತೂ ನೀರಿಡಲು ಹೋದಾಗ ಅದು ನನ್ನ ಸೆರಗು ಮೂಸಿದರೆ ಕಣ್ಣು ತುಂಬುತ್ತಿತ್ತು.

ಶುಕ್ರವಾರ ಹೊಳೆನರಸೀಪುರದಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಊರಿಗೆ ಬಂದರು. ಮಳೆಗೆ ಮುಂಚೆ ದನಗಳಿಗೆ ಸೂಜಿ ಚುಚ್ಚಲು ಬಂದಿದ್ದರು. ಚಿಕ್ಕಮಾವ ಹೋಗಿ ಅವರನ್ನು ನಮ್ಮ ಅಂಗಳಕ್ಕೆ ಕರೆತಂದರು. ಗೇಲಿ ಮಾಡಿದರೂ ಭಾವನ ಮೇಲೆ ಅವರಿಗೆ ಜೀವ. ಅಂಗಳದ ತುಂಬ ಗಂಡಸರು. ನಾವು ಬಾಗಿಲ ಹಿಂದೆ.

ಡಾಕ್ಟರು ಹೋರಿಯ ಬಾಯಿ ನೋಡಿದರು, ಕಾಲು ನೋಡಿದರು. "ಇದಕ್ಕೆ ಈಚೆಗೆ ಜ್ವರ ಬಂದಿತ್ತಾ?"

"ಇಲ್ಲ ಸಾ," ಎಂದರು ಮಾವನವರು.

"ಗಾಡಿಗೋ ನೇಗಿಲಿಗೋ ಕಟ್ಟಿದ್ರಾ? ದೂರ ನಡೆಸಿದ್ರಾ?"

"ನೊಗ ಮುಟ್ಟಿಸಿಲ್ಲ ಸಾ. ಊರ ಗಡಿ ದಾಟಿಲ್ಲ."

"ಎಲ್ಲಿ ಕಟ್ಟೋದು?"

ಮಾವನವರು ಹೊಂಗೆ ಮರದ ಕಡೆ ಕೈ ತೋರಿಸಿದರು. "ಇಲ್ಲೇ ಸಾ. ಈ ಮರದ ಕೆಳಗೆ."

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ತಾವೇ ಪ್ರೀತಿಯಿಂದ ಹಾಕಿಸಿದ ತಗಡಿನ ಮಾತು ಅಷ್ಟು ಜನರ ಎದುರಿಗೆ ಅವರ ಬಾಯಿಂದ ಬರಲಿಲ್ಲ. ಚಿಕ್ಕಮಾವನೂ ಭಾವನ ಮುಖ ನೋಡಿ ಸುಮ್ಮನಾದರು. ಡಾಕ್ಟರು ಮೇಲೆ ನೋಡಿದರು. "ನೆರಳು ಚೆನ್ನಾಗಿದೆ. ಹಾಗಾದ್ರೆ ಕಾರಣ ನನಗೂ ಗೊತ್ತಾಗ್ತಾ ಇಲ್ಲ. ಒಡೆಸೋದಾದ್ರೆ ಒಡೆಸಿ ಗೌಡ್ರೇ," ಎಂದು ಚೀಲದ ಬಾಯಿ ಕಟ್ಟಲು ಬಗ್ಗಿದರು.

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಂಗಳದಲ್ಲಿ ಕಂಬವಿರಲಿಲ್ಲ.

ಹೇಗೆ ಹೊರಗೆ ಬಂದೆನೋ ಇವತ್ತಿಗೂ ಗೊತ್ತಿಲ್ಲ. "ಶಿವರಾತ್ರಿ ಆದಾಗಿಂದ ತಗಡಿನ ಕೆಳಗೆ ಕಟ್ಟಿತ್ತು ಸಾ. ಬಾಗಿಲೂ ಮುಚ್ಚಿತ್ತು. ಈ ಮರದಡಿಗೆ ಬಂದು ಒಂದು ತಿಂಗಳಾಯ್ತು ಅಷ್ಟೆ," ಎಂದೆ. ಅಷ್ಟೂ ಒಂದೇ ಉಸಿರಿಗೆ. ಆಮೇಲೆ ನೋಡಿದರೆ ಬಾಗಿಲಿಗೆ ಹಿಂದಿರುಗಲು ದಾರಿಯೇ ಇಲ್ಲ, ಗಂಡಸರು ನಿಂತಿದ್ದಾರೆ. ಬೇರೆ ತೋಚದೆ ಹೋರಿಯ ಮರೆಗೆ ಹೋಗಿ ನಿಂತೆ. ಮೂರು ತಿಂಗಳ ಹಿಂದೆ ಅದರ ಹತ್ತಿರ ಸುಳಿಯಲು ಹೆದರುತ್ತಿದ್ದವಳು ಅದರ ಭುಜಕ್ಕೆ ಮುಖ ಒತ್ತಿ ನಿಂತಿದ್ದೆ.

ಡಾಕ್ಟರು ಕೊಟ್ಟಿಗೆಗೆ ಹೋಗಿ ತಗಡಿನ ಮೇಲೆ ಕೈಯಿಟ್ಟು ತಟ್ಟನೆ ಎಳೆದುಕೊಂಡರು. ಉರಿಯುವ ಕೈಗೆ ಊದಿಕೊಳ್ಳುತ್ತ ಬಂದು ನಗುತ್ತಲೇ ಹೇಳಿದರು. ಮುಂದಿನ ಮಾತನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಆದರೆ ಅವರು ಹೇಳಿದ್ದು ಹೀಗೆ. "ಗೌಡ್ರೇ, ಬೀಜ ಆಗೋ ಜಾಗ ಮೈಗಿಂತ ತಂಪಾಗಿರಬೇಕು. ಅದಕ್ಕೇ ದೇವರು ಅದನ್ನ ಹೊಟ್ಟೆಯೊಳಗೆ ಇಡದೆ ಹೊರಗೆ ತೂಗುಬಿಟ್ಟಿರೋದು. ಸುಡೋ ಸೆಕೆ ಆಗಲಿ, ಜೋರು ಜ್ವರ ಆಗಲಿ, ಮೈ ಮೀರಿದ ದುಡಿತ ಆಗಲಿ, ಬೀಜ ಕೆಡುತ್ತೆ. ಹೋರಿ ನೋಡೋಕೆ ಚೆನ್ನಾಗೇ ಇರುತ್ತೆ, ಹಾರುತ್ತೆ, ಆದರೆ ಗಬ್ಬ ನಿಲ್ಲೋದಿಲ್ಲ."

"ಮರದಡಿ ಕಟ್ಟಿದ ಮ್ಯಾಲೂ ನಿಲ್ಲಿಲ್ವಲ್ಲ ಸಾ?" ಎಂದು ಚಿಕ್ಕಮಾವ ಕೇಳಿದರು.

"ಬೀಜ ಒಂದು ದಿನಕ್ಕೆ ಆಗೋದಲ್ಲಪ್ಪ. ಹೊಸದು ತಯಾರಾಗೋಕೆ ಎರಡು ತಿಂಗಳು ಬೇಕು. ಒಂದು ತಿಂಗಳು ಆಗಿದೆ. ಇನ್ನೂ ಒಂದು ತಿಂಗಳು ಚೆನ್ನಾಗಿ ಕಳೀಲಿ. ಶ್ರಾವಣದವರೆಗೂ ಒಂದು ಹಸುನೂ ಬಿಡಬೇಡಿ. ಆಮೇಲೂ ಆಗಲಿಲ್ಲ ಅಂದ್ರೆ ಒಡೆಸಿ."

ಮಾವನವರು ಬಹಳ ಮೆಲ್ಲಗೆ, "ಅದಕ್ಕೆ ಒಳ್ಳೇದಾಗ್ಲಿ ಅಂತ ಹಾಕ್ಸಿದ್ದು ಸಾ," ಎಂದರು.

"ಗೊತ್ತು. ಮಳೆಗೆ ಒಳ್ಳೇದೇ. ಬಿಸಿಲಿಗೆ ಅಲ್ಲ," ಎಂದು ಡಾಕ್ಟರು ಅವರ ಬೆನ್ನು ತಟ್ಟಿ ಸೈಕಲ್ಲು ಹತ್ತಿದರು.

ಆ ಸಂಜೆ ನಾನು ಅಡಿಗೆಮನೆ ಬಿಟ್ಟು ಈಚೆಗೆ ಬರಲಿಲ್ಲ. ಊರಿನ ಎದುರು ಬಾಯಿ ಬಿಟ್ಟ ಸೊಸೆಗೆ ಏನು ಕಾದಿದೆಯೋ ಎಂದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಮಾವನವರು ತಟ್ಟೆಯ ಮುಂದೆ ಕುಳಿತು ಅತ್ತೆಗೆ ಹೇಳಿದರು: "ನಿನ್ನ ಸೊಸೆಗೆ ಇನ್ನೊಂದ್ ಮುದ್ದೆ ಇಕ್ಕು. ಒಂದ್ ವರ್ಸದ ಮಾತ ಒಂದೇ ದಿನ ಆಡವ್ಳೆ, ಸುಸ್ತಾಗಿರ್ತದೆ." ನಿಮ್ಮ ತಾತ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದರು.

ಬೀಜ ಒಡೆಯುವಾತನಿಗೆ ಶ್ರಾವಣ ಕಳೆದು ಬಾ ಎಂದು ಹೇಳಿಕಳಿಸಿದ್ದಾಯಿತು. ಆ ಒಂದು ತಿಂಗಳು ಕಳೆಯುವುದು ಮಾವನವರಿಗೆ ಬಹಳ ಕಷ್ಟವಾಯಿತು. ನಂಬಿಕೆಯಿಟ್ಟು ಹಸು ತಂದ ಒಬ್ಬಿಬ್ಬರನ್ನೂ ಅವರೇ ವಾಪಸು ಕಳಿಸಬೇಕಾಯಿತು. ಯಾಕೆಂದು ಕೇಳಿದರೆ ಉತ್ತರ ಹೇಳಲು ಅವರಿಗೆ ಬರುತ್ತಿರಲಿಲ್ಲ. ಅತ್ತೆ ಒಳಗಿನಿಂದಲೇ, "ಹಳೇ ಹಿಟ್ಟು ಮುಗ್ದು ಹೊಸ ಹಿಟ್ಟು ಬೀಸ್ಬೇಕು ಕಣಪ್ಪ, ತಡೀರಿ," ಎಂದು ಕೂಗಿ ಹೇಳುವರು. ಬಂದವರು ರಾಗಿ ಹಿಟ್ಟಿನ ಮಾತೆಂದು ತಿಳಿದು ತಬ್ಬಿಬ್ಬಾಗಿ ಹೋಗುವರು. ಹುರುಳಿ ಮೊದಲಿನಷ್ಟಕ್ಕೇ ಇಳಿಯಿತು. ದಿನಾ ಕಟ್ಟೆಯ ನೀರಿನಲ್ಲಿ ಮೈ ತೊಳೆಸಿದರು. ಕೊಟ್ಟಿಗೆಯ ಎರಡು ಕಡೆ ಗೋಡೆ ಒಡೆಸಿ ಗಾಳಿಗೆ ದಾರಿ ಮಾಡಿ, ತಗಡಿನ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿದರು. ಸಂಡಿಗೆಗೆ ಜಾಗ ಹೋಯಿತೆಂದು ಅತ್ತೆ ಎರಡು ದಿನ ಮುಖ ಊದಿಸಿದರು.

ಶ್ರಾವಣದಲ್ಲಿ ಮೊದಲು ಬಂದದ್ದು ಅದೇ ಕೆಂದ ಹಸು. ಬೇರೆ ಊರಿನ ಹೋರಿಗೆ ಕರೆದೊಯ್ಯಲು ಚಿಕ್ಕಮಾವ ಒಪ್ಪಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಜಾತಿ ಅವರದಲ್ಲ. "ನಮ್ಮ ಹಸೀಗೆ ನಿನ್ನ ಮನೆ ದಾರಿ ಅಭ್ಯಾಸ ಆಗೋಗದೆ ಭಾವ. ಬ್ಯಾರೆ ಕಡೆ ನಡಿಯಾಕಿಲ್ಲ," ಎಂದಷ್ಟೇ ಹೇಳಿದರು.

ಆಮೇಲೆ ಇಪ್ಪತ್ತು ದಿನ ಕಾಯುವುದು. ಹದಿನೆಂಟನೆಯ ದಿನದಿಂದ ಮಾವನವರಿಗೆ ಎದುರು ಮನೆಯಲ್ಲಿ ಬೆಳಗಾದರೆ ಕೆಲಸ. ಒಂದು ದಿನ ಸುಣ್ಣ ಕೇಳಲು ಹೋದರು. ಇನ್ನೊಂದು ದಿನ ಹಗ್ಗ ಕೇಳಲು. ಮತ್ತೊಂದು ದಿನ ಕೆಂಡ ತರಲು ಹೋದರು, ನಮ್ಮ ಒಲೆ ಧಗಧಗ ಉರಿಯುತ್ತಿತ್ತು. ಹೋದವರು ಅಂಗಳದಲ್ಲಿ ಕೆಂದ ಹಸುವಿನ ಮುಖವನ್ನೇ ನೋಡುತ್ತ ನಿಲ್ಲುವರು. ಅದು ಸುಮ್ಮನೆ ಹುಲ್ಲು ಮೇಯುತ್ತಿರುವುದು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಚಿಕ್ಕಮಾವ ತಾವೇ ನಮ್ಮ ಜಗುಲಿಗೆ ಬಂದು ಸೀರಿಯಸ್ಸಾಗಿ ಕುಳಿತರು. "ಭಾವ, ಬೆಳಗಿನ ಜಾವ ಏನೋ ಕೂಗ್ದಂಗಿತ್ತು."

ಮಾವನವರ ಮುಖ ಬಿಳುಚಿತು. ಬೀದಿಯ ಆಚೆಯಿಂದ ಚಿಕ್ಕಮಾವನ ಹೆಂಡತಿ ಕಸಬರಿಕೆ ಹಿಡಿದೇ ಕೂಗಿ ಹೇಳಿದರು. "ಸುಳ್ಳು ಕಣಣ್ಣ. ಕೂಗಿದ್ದು ಹಸ ಅಲ್ಲ, ಇವರ ಗೊರಕೆ."

ನಲವತ್ತು ದಿನವೂ ಕಳೆಯಿತು. ಕೆಂದ ಹಸು ಕೂಗಲಿಲ್ಲ. ಅದರ ಹಿಂದೆ ಬಂದ ಹಸುಗಳಲ್ಲೂ ಹೆಚ್ಚಿನವು ಕೂಗಲಿಲ್ಲ. ಬೀಜ ಒಡೆಯುವಾತ ಹೇಳಿದ ಮಾತಿನಂತೆ ಭಾದ್ರಪದದಲ್ಲಿ ತನ್ನ ಸಾಮಾನು ಹೊತ್ತು ಬಂದಾಗ ಮಾವನವರು ಅವನನ್ನು ಜಗುಲಿಯ ಮೇಲೆ ಕೂರಿಸಿ ಹೊಟ್ಟೆ ತುಂಬ ಊಟ ಹಾಕಿಸಿ, ಬಂದ ಕೆಲಸ ಇಲ್ಲವೆಂದು ಹೇಳಿ ಕಳಿಸಿದರು. ಕೆಲಸವಿಲ್ಲದೆ ಇಷ್ಟು ಮರ್ಯಾದೆ ಯಾವೂರಲ್ಲೂ ಆಗಿಲ್ಲವೆಂದು ಅವನು ಎರಡು ಸಲ ಹೇಳಿ ಹೋದ.

ವೈಶಾಖದ ಕೊನೆಯಲ್ಲಿ ಒಂದು ಸಂಜೆ ಎದುರು ಮನೆಯಿಂದ ಕರೆ ಬಂತು. ನಾನೂ ಅತ್ತೆಯ ಹಿಂದೆ ಹೋದೆ. ಕೆಂದ ಹಸು ಆಗತಾನೆ ಹಾಕಿದ ಕರುವನ್ನು ನೆಕ್ಕುತ್ತಿತ್ತು. ಹೋರಿಗರು. ಮೈಯೆಲ್ಲ ಬೆಳ್ಳಗೆ, ನಮ್ಮ ಹೋರಿಯನ್ನೇ ಚಿಕ್ಕದು ಮಾಡಿ ಇಟ್ಟ ಹಾಗಿತ್ತು. ಎದ್ದು ನಿಲ್ಲಲು ಹೋಗಿ ಮುಗ್ಗರಿಸಿ ಮಾವನವರ ಕಾಲ ಮೇಲೆಯೇ ಬಿತ್ತು. ಅವರು ಅಲುಗಾಡದೆ ಹಾಗೇ ನಿಂತರು.

"ಬಣ್ಣ ನಿಮ್ಮನೇದು ಭಾವ," ಎಂದರು ಚಿಕ್ಕಮಾವ. "ಬುದ್ಧಿ ನಮ್ಮನೇದು ಆಗ್ಲಿ."

"ಆಗ್ಲಿ ಬುಡ್ಲಾ," ಎಂದು ಮಾವನವರು ಬಗ್ಗಿ, ಕರುವಿನ ಗೊರಸಿನ ಮೇಲಿನ ಲೋಳೆಯನ್ನು ತಮ್ಮ ಹೊಸ ಟವಲ್ಲಿನಿಂದಲೇ ಒರೆಸತೊಡಗಿದರು.